ನಕ್ಷತ್ರದ ಬೆನ್ನು ಹತ್ತಿದ ಗಾಜಿನ ಹುಡುಗ

ಕಳೆದ ತಿಂಗಳು ಎರಡು ಭಾನುವಾರ ನಮ್ಮ ಮನೆಯವರೆಲ್ಲ ನೆಲದ ಮೇಲೆ ಕೂತು ಊಟ ಮಾಡಬೇಕಾಯಿತು. ಊಟದ ಟೇಬಲ್ ಮೇಲೆ ಹಳೇ ಪೇಪರ್ ಹಾಸಿ, ಒಂದು ಟೆಲಿಸ್ಕೋಪ್ ಮೌಂಟನ್ನು ಪೂರ್ತಿ ಬಿಚ್ಚಿ ಹರವಿಕೊಂಡು ನಾನು ಕೂತಿದ್ದೆ. ಸ್ಕ್ರೂಗಳು ಒಂದಕ್ಕೊಂದು ಬೆರೆಯಬಾರದೆಂದು ಅಮ್ಮನ ಇಡ್ಲಿ ತಟ್ಟೆ ತಂದು, ಒಂದೊಂದು ಗುಳಿಯಲ್ಲಿ ಒಂದೊಂದು ಜಾತಿಯ ಸ್ಕ್ರೂ ಹಾಕಿಟ್ಟಿದ್ದೆ. ಆಮೇಲೆ ಆ ತಟ್ಟೆಯನ್ನು ಮೂರು ಸಲ ಬಿಸಿನೀರಲ್ಲಿ ತೊಳೆದುಕೊಟ್ಟರೂ ಇಡ್ಲಿಗೆ ಸೀಮೆಎಣ್ಣೆ ವಾಸನೆ ಬರುತ್ತಿದೆ ಅಂತ ಅಮ್ಮ ಈಗಲೂ ಹೇಳುತ್ತಾರೆ.

ಟೆಲಿಸ್ಕೋಪ್ ಅಂದ ಕೂಡಲೇ ಎಲ್ಲರೂ ನೋಡುವುದು ಕೊಳವೆಯನ್ನು. ಲೆನ್ಸ್ ಎಷ್ಟು ದೊಡ್ಡದು, ಎಷ್ಟು ಪಟ್ಟು ಹಿಗ್ಗಿಸುತ್ತೆ ಅಂತ ಕೇಳುತ್ತಾರೆ. ಅದನ್ನು ಹೊತ್ತು ನಿಂತಿರುವ ಮೌಂಟ್ ಬಗ್ಗೆ ಯಾರೂ ವಿಚಾರಿಸುವುದಿಲ್ಲ. ಆದರೆ ನಾವು ನಿಂತಿರುವ ಭೂಮಿ ಸುಮ್ಮನಿರುವುದಿಲ್ಲವಲ್ಲ! ಇನ್ನೂರು ಪಟ್ಟು ಹಿಗ್ಗಿಸಿ ಗುರುಗ್ರಹವನ್ನು ನೋಡಲು ಕೂತರೆ, ಒಂದು ಅಂಚಿನಲ್ಲಿ ಕಾಣಿಸಿಕೊಂಡಿದ್ದು ಹೆಚ್ಚುಕಡಿಮೆ ಒಂದೇ ನಿಮಿಷದಲ್ಲಿ ಇನ್ನೊಂದು ಅಂಚು ದಾಟಿ ಮಾಯವಾಗುತ್ತದೆ. ಅದು ನಿಂತ ಹಾಗೆ ಕಾಣಬೇಕೆಂದರೆ ಟೆಲಿಸ್ಕೋಪ್ ಕೂಡ ಭೂಮಿಗೆ ವಿರುದ್ಧ ದಿಕ್ಕಿನಲ್ಲಿ, ಅಷ್ಟೇ ವೇಗದಲ್ಲಿ ತಿರುಗುತ್ತಿರಬೇಕು. 23 ಗಂಟೆ 56 ನಿಮಿಷ 4 ಸೆಕೆಂಡಿಗೆ ಒಂದು ಸುತ್ತು. ಮೋಟಾರ್ ಇರುವ ಮೌಂಟ್ ಮಾಡುವುದು ಇದೊಂದೇ ಕೆಲಸ, ಆದರೆ ಅದನ್ನು ಸರಿಯಾಗಿ ಮಾಡಿಸುವುದು ಮಾತ್ರ ಸುಲಭವಲ್ಲ.

ನಮ್ಮದು ಶಿವಮೊಗ್ಗ. ಐದು ಜನ ಗೆಳೆಯರು ಹಣ ಕೂಡಿಸಿ ಕೊಂಡ ಸೆಕೆಂಡ್ ಹ್ಯಾಂಡ್ ಮೌಂಟ್ ಇದು. ಜೂನ್‌ನಿಂದ ಇಲ್ಲಿ ಆಕಾಶ ಅನ್ನುವುದೇ ಇರುವುದಿಲ್ಲ. ಮಳೆಗಾಲ ಮುಗಿಯುವವರೆಗೆ ಪೆಟ್ಟಿಗೆಯಲ್ಲಿಟ್ಟು ತೆಗೆದರೆ ಒಳಗಿನ ಗ್ರೀಸ್ ಗಟ್ಟಿಯಾಗಿ ಅಂಟಿನಂತಾಗಿತ್ತು. ಕೈಯಲ್ಲಿ ತಿರುಗಿಸಿದರೆ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ. ದಿಕ್ಕು ಬದಲಿಸುವ ಬಟನ್ ಒತ್ತಿದರೆ ಮೋಟಾರ್ ಗುಂಯ್‌ಗುಡುತ್ತಿತ್ತು, ನಕ್ಷತ್ರ ಮಾತ್ರ ಆರೇಳು ಸೆಕೆಂಡ್ ಅಲ್ಲಾಡುತ್ತಿರಲಿಲ್ಲ. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಲೇತ್ ಅಂಗಡಿಯಲ್ಲಿ ಕೆಲಸ ಮಾಡುವವನು, ಹಾಗಾಗಿ ಬಿಚ್ಚುವ ಜವಾಬ್ದಾರಿ ನನ್ನ ಪಾಲಿಗೇ ಬಂತು.

ಬಿಚ್ಚುವುದಕ್ಕೆ ಮುಂಚೆ ಈ ಯಂತ್ರದ ಜಾತಕ ತಿಳಿದುಕೊಳ್ಳೋಣ ಅಂತ ಹುಡುಕಿದೆ. ಈ ಬಗೆಯ ಮೌಂಟಿಗೆ ಜರ್ಮನ್ ಇಕ್ವಟೋರಿಯಲ್ ಅಂತ ಹೆಸರು. ಇದನ್ನು ರೂಪಿಸಿದವನು ಜೋಸೆಫ್ ಫ್ರೌನ್‌ಹೋಫರ್. ಭೌತಶಾಸ್ತ್ರ ಓದಿದವರಿಗೆ ಈ ಹೆಸರು ಹೊಸದಲ್ಲ. ಸೂರ್ಯನ ಬೆಳಕಿನಲ್ಲಿರುವ ಕಪ್ಪು ಗೆರೆಗಳಿಗೆ ಅವನ ಹೆಸರೇ ಇದೆ. ನಾನೂ ಅವನನ್ನು ದೊಡ್ಡ ಯೂನಿವರ್ಸಿಟಿಯ ಪ್ರೊಫೆಸರ್ ಅಂದುಕೊಂಡಿದ್ದೆ. ಅವನು ಹೈಸ್ಕೂಲಿನ ಮೆಟ್ಟಿಲನ್ನೂ ಹತ್ತಿದವನಲ್ಲ.

1787ರ ಮಾರ್ಚ್ 6ರಂದು ಬವೇರಿಯಾದ ಸ್ಟ್ರಾಬಿಂಗ್ ಎಂಬ ಊರಲ್ಲಿ ಹುಟ್ಟಿದ. ಮನೆಯ ಹನ್ನೊಂದನೇ ಮಗು. ಅಪ್ಪ ಕಿಟಕಿಗಳಿಗೆ ಗಾಜು ಕೂರಿಸುವ ಕೆಲಸದವನು. ಹನ್ನೊಂದು ವರ್ಷ ತುಂಬಿ ಹನ್ನೆರಡಕ್ಕೆ ಬೀಳುವ ಹೊತ್ತಿಗೆ ಅಪ್ಪ ಅಮ್ಮ ಇಬ್ಬರೂ ತೀರಿಹೋಗಿದ್ದರು. ಪೋಷಕರಾದವರು ಹುಡುಗನನ್ನು ಮ್ಯೂನಿಕ್‌ಗೆ ಕಳಿಸಿ, ವೈಕ್ಸೆಲ್‌ಬರ್ಗರ್ ಎಂಬ ಕನ್ನಡಿ ತಯಾರಕನ ಹತ್ತಿರ ಕೆಲಸಕ್ಕೆ ಬಿಟ್ಟರು. ಆರು ವರ್ಷ ಸಂಬಳವಿಲ್ಲದ ಕಲಿಕೆ ಅಂತ ಕರಾರು. ಸಂಬಳವಿಲ್ಲ ಅನ್ನುವುದು ಹೋಗಲಿ, ಯಜಮಾನ ಅವನಿಗೆ ಓದಲೂ ಬಿಡುತ್ತಿರಲಿಲ್ಲ. ಕೆಲಸ ಕಲಿಯಲು ಬಂದವನಿಗೆ ಪುಸ್ತಕ ಯಾಕೆ ಅನ್ನುವ ಲೆಕ್ಕ. ಅಂಥ ಯಜಮಾನರನ್ನು ನೋಡಲು ನಾವು ಇನ್ನೂರು ವರ್ಷ ಹಿಂದೆ ಹೋಗಬೇಕಾಗಿಲ್ಲ ಬಿಡಿ.

1801ರ ಜುಲೈ 21. ಯಜಮಾನನ ಮನೆ ಇದ್ದಕ್ಕಿದ್ದಂತೆ ಕುಸಿದುಬಿತ್ತು. ಯಜಮಾನನ ಹೆಂಡತಿ ಅಲ್ಲೇ ಸತ್ತಳು. ಹದಿನಾಲ್ಕು ವರ್ಷದ ಜೋಸೆಫ್ ಅವಶೇಷಗಳಡಿ ಹಲವು ಗಂಟೆ ಸಿಕ್ಕಿಬಿದ್ದಿದ್ದ. ಊರೆಲ್ಲ ಸೇರಿತು. ಆಗ ಬವೇರಿಯಾವನ್ನು ಆಳುತ್ತಿದ್ದ ಮ್ಯಾಕ್ಸಿಮಿಲಿಯನ್ ಜೋಸೆಫ್ ದೊರೆ ಖುದ್ದು ಜಾಗಕ್ಕೆ ಬಂದು ನಿಂತ. ಹುಡುಗ ಜೀವಂತ ಹೊರಗೆ ಬಂದ. ದೊರೆ ಸಂತೋಷಪಟ್ಟು ಅವನ ಕೈಗೆ ಹದಿನೆಂಟು ಡುಕಾಟ್ ಚಿನ್ನದ ನಾಣ್ಯ ಕೊಟ್ಟ. ಅದೇ ಗುಂಪಿನಲ್ಲಿ ಉಟ್ಜ್‌ಶ್ನೈಡರ್ ಎಂಬ ಅಧಿಕಾರಿಯೂ ಇದ್ದ, ಉದ್ಯಮಗಳಲ್ಲಿ ಆಸಕ್ತಿ ಇದ್ದ ಮನುಷ್ಯ. ಈ ಹುಡುಗನಿಗೆ ಓದುವ ಹಸಿವಿದೆ ಅಂತ ಗೊತ್ತಾಗಿ ಗಣಿತದ ಮತ್ತು ಬೆಳಕಿನ ಶಾಸ್ತ್ರದ ಪುಸ್ತಕಗಳನ್ನು ಒದಗಿಸಿದ.

ಇಲ್ಲಿಯವರೆಗೆ ಇದು ಸಿನಿಮಾ ಕಥೆಯಂತೆಯೇ ಇದೆ. ಜೀವನಚರಿತ್ರೆ ಬರೆದವರೂ ಈ ದೃಶ್ಯವನ್ನೇ ಎಳೆದೆಳೆದು ಬರೆಯುತ್ತಾರೆ. ನನಗೆ ಇಷ್ಟವಾಗಿದ್ದು ಆಮೇಲಿನ ಸಂಗತಿ. ಹದಿನೆಂಟು ಚಿನ್ನದ ನಾಣ್ಯ ಕೈಗೆ ಬಂದ ಅನಾಥ ಹುಡುಗ ಏನು ಮಾಡಬಹುದು? ಇವನು ಗಾಜು ಉಜ್ಜುವ ಒಂದು ಯಂತ್ರ ಕೊಂಡ. ಉಳಿದಿದ್ದರಲ್ಲಿ ಕರಾರಿನ ಕೊನೆಯ ಆರು ತಿಂಗಳಿಗೆ ಬದಲಾಗಿ ಯಜಮಾನನಿಗೆ ಹಣ ಕಟ್ಟಿ ಬಿಡುಗಡೆ ಪಡೆದ. ಭಾನುವಾರದ ಶಾಲೆಗೆ ಹೋದ. ವಿಸಿಟಿಂಗ್ ಕಾರ್ಡ್ ಅಚ್ಚುಹಾಕುವ ಸ್ವಂತ ಧಂದೆಯನ್ನೂ ಶುರುಮಾಡಿ ನೋಡಿದ. ಯುದ್ಧದ ಕಾಲ, ಕಾರ್ಡ್ ಯಾರಿಗೆ ಬೇಕು? ಧಂದೆ ಮುಳುಗಿತು. ಮತ್ತೆ ಅದೇ ಯಜಮಾನನ ಹತ್ತಿರ ಕೂಲಿಗೆ ನಿಂತ. ಪವಾಡ ನಡೆದ ಮೇಲೂ ಐದು ವರ್ಷ ಅವನು ಸಾಧಾರಣ ಕೆಲಸಗಾರನಾಗಿಯೇ ಇದ್ದ.

1806ರಲ್ಲಿ ಉಟ್ಜ್‌ಶ್ನೈಡರ್‌ಗೆ ಮತ್ತೆ ಅವನ ನೆನಪಾಯಿತು. ಅಷ್ಟರಲ್ಲಿ ಆತ ರೈಶೆನ್‌ಬಾಖ್ ಮತ್ತು ಲೀಬ್‌ಹೆರ್ ಎಂಬ ಇಬ್ಬರ ಜೊತೆ ಸೇರಿ ಭೂಮಾಪನದ ಉಪಕರಣ ತಯಾರಿಸುವ ಕಾರ್ಖಾನೆ ನಡೆಸುತ್ತಿದ್ದ. ಯುರೋಪಿನ ತುಂಬ ಸೈನ್ಯಗಳಿಗೆ, ಸರ್ಕಾರಗಳಿಗೆ ನಕ್ಷೆ ಬೇಕು. ನಕ್ಷೆಗೆ ಉಪಕರಣ ಬೇಕು. ಉಪಕರಣಕ್ಕೆ ಒಳ್ಳೆಯ ಲೆನ್ಸ್ ಬೇಕು. ಇಪ್ಪತ್ತನೇ ವಯಸ್ಸಿನ ಹೊಸ್ತಿಲಲ್ಲಿದ್ದ ಫ್ರೌನ್‌ಹೋಫರ್ ಅಲ್ಲಿ ಲೆನ್ಸ್ ಉಜ್ಜುವ ಕೆಲಸಕ್ಕೆ ಸೇರಿದ. ಮುಂದೆ ಕೆಲಸ ಬೆನೆಡಿಕ್ಟ್‌ಬಾಯರ್ನ್ ಎಂಬಲ್ಲಿಗೆ ಹೋಯಿತು. ಅದೊಂದು ಪುರಾತನ ಮಠ. ಸರ್ಕಾರ ಮಠವನ್ನು ವಶಪಡಿಸಿಕೊಂಡ ಮೇಲೆ ಉಟ್ಜ್‌ಶ್ನೈಡರ್ ಆ ಕಟ್ಟಡಗಳನ್ನು ಕೊಂಡಿದ್ದ. ಸನ್ಯಾಸಿಗಳಿದ್ದ ಜಾಗದಲ್ಲಿ ಗಾಜಿನ ಕುಲುಮೆ ಉರಿಯತೊಡಗಿತು.

ಆ ಕಾಲದ ದೊಡ್ಡ ತಲೆನೋವು ಗಾಜೇ. ಒಂದೇ ಲೆನ್ಸ್ ಇಟ್ಟರೆ ನಕ್ಷತ್ರದ ಸುತ್ತ ಬಣ್ಣದ ಅಂಚು ಕಾಣುತ್ತದೆ. ಅದನ್ನು ಹೋಗಲಾಡಿಸಲು ಕ್ರೌನ್ ಮತ್ತು ಫ್ಲಿಂಟ್ ಎಂಬ ಎರಡು ಜಾತಿಯ ಗಾಜಿನ ಲೆನ್ಸ್ ಜೋಡಿಸಬೇಕು. ಫ್ಲಿಂಟ್ ಗಾಜಿಗೆ ಸೀಸ ಸೇರುತ್ತದೆ, ಭಾರವಾದ ಸೀಸ ಕೆಳಗಿಳಿದು ಗಾಜಿನೊಳಗೆ ಎಳೆಎಳೆಯಾಗಿ ಗೆರೆ ಬೀಳುತ್ತದೆ. ಪಾಯಸದಲ್ಲಿ ಬೆಲ್ಲ ಸರಿಯಾಗಿ ಕದಡದಿದ್ದರೆ ಅಲ್ಲಲ್ಲಿ ಪಟ್ಟೆ ಕಾಣುತ್ತದಲ್ಲ, ಹಾಗೆ. ಗಿನಾಂಡ್ ಎಂಬ ಸ್ವಿಸ್ ಕುಶಲಕರ್ಮಿ ಕುದಿಯುವ ಗಾಜನ್ನು ಬೆಂಕಿಮಣ್ಣಿನ ಕೋಲಿನಿಂದ ಕದಡುವ ಉಪಾಯ ಕಂಡುಹಿಡಿದಿದ್ದ. ಅವನ ಜೊತೆ ಕುಲುಮೆಯ ಮುಂದೆ ನಿಂತು ಫ್ರೌನ್‌ಹೋಫರ್ ಕಲಿತ, ಆಮೇಲೆ ತಾನೇ ಆ ಕೆಲಸದ ಮೇಲುಸ್ತುವಾರಿ ವಹಿಸಿಕೊಂಡ.

ಗಾಜು ಸುಧಾರಿಸಬೇಕಾದರೆ ಅದು ಯಾವ ಬಣ್ಣವನ್ನು ಎಷ್ಟು ಬಗ್ಗಿಸುತ್ತದೆ ಅಂತ ಅಳೆಯಬೇಕು. ಕೆಂಪು ಎಷ್ಟು, ಹಸಿರು ಎಷ್ಟು? ಕಾಮನಬಿಲ್ಲಿನಲ್ಲಿ ಒಂದು ಬಣ್ಣ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತೆ ಅಂತ ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಅಳತೆಗೆ ಒಂದು ಗುರುತು ಬೇಕು. ಅದನ್ನು ಹುಡುಕುತ್ತಾ ಅವನು ಕಿರಿದಾದ ಸೀಳಿನಿಂದ ಬಂದ ಸೂರ್ಯನ ಬೆಳಕನ್ನು ಪ್ರಿಸಂ ಮೂಲಕ ಹಾಯಿಸಿ, ಭೂಮಾಪನದ ಥಿಯೊಡೊಲೈಟ್‌ನ ಪುಟ್ಟ ದುರ್ಬೀನಿನಲ್ಲಿ ನೋಡಿದ. ಬಣ್ಣದ ಪಟ್ಟಿಯ ಉದ್ದಕ್ಕೂ ಕಪ್ಪು ಗೆರೆಗಳು! ಅವನಿಗಿಂತ ಮುಂಚೆ ಇಂಗ್ಲೆಂಡಿನ ವೊಲ್ಲಾಸ್ಟನ್ ಕೆಲವು ಗೆರೆ ಕಂಡಿದ್ದ, ನೋಡಿ ಬಿಟ್ಟಿದ್ದ. ಇವನು ಬಿಡಲಿಲ್ಲ. 574 ಗೆರೆಗಳ ಜಾಗ ಗುರುತಿಸಿ, ಮುಖ್ಯವಾದವುಗಳಿಗೆ ಎ, ಬಿ, ಸಿ, ಡಿ ಅಂತ ಹೆಸರಿಟ್ಟು ನಕ್ಷೆ ಬರೆದ. ಹಳದಿ ಭಾಗದ ಡಿ ಗೆರೆ ಇರುವ ಜಾಗದಲ್ಲೇ ದೀಪದ ಜ್ವಾಲೆಯಲ್ಲಿ ಹೊಳೆಯುವ ಗೆರೆ ಬರುತ್ತದೆ ಅನ್ನುವುದನ್ನೂ ಗಮನಿಸಿದ. ಶುಕ್ರನ ಬೆಳಕಿನಲ್ಲಿ ಸೂರ್ಯನ ಗೆರೆಗಳೇ ಇದ್ದವು. ಲುಬ್ಧಕ ನಕ್ಷತ್ರದಲ್ಲಿ ಬೇರೆ ತರಹದವು. ಈ ಗೆರೆಗಳು ಯಾಕಿವೆ ಅಂತ ಕಿರ್ಖಾಫ್ ಮತ್ತು ಬುನ್ಸೆನ್ ವಿವರಿಸಿದ್ದು 1859ರಲ್ಲಿ. ಇವನಿಗಾದರೋ ಅವು ಮೊದಲಿಗೆ ಲೆನ್ಸ್ ತಯಾರಿಸುವ ಅಂಗಡಿಯ ಅಳತೆಗೋಲು. ವರ್ನಿಯರ್ ಕ್ಯಾಲಿಪರ್ ಮೇಲಿನ ಗೀಟುಗಳಿದ್ದ ಹಾಗೆ.

ಈಗ ಟೇಬಲ್ ಮೇಲಿನ ಮೌಂಟಿಗೆ ಬರೋಣ. ಯಾಕೆಂದರೆ ಒಳ್ಳೆಯ ಗಾಜು ಸಿಕ್ಕಿದ ಮೇಲೆ ಫ್ರೌನ್‌ಹೋಫರ್‌ಗೆ ಎದುರಾದ ಮುಂದಿನ ಸಮಸ್ಯೆ ಇದೇ.

ರಷ್ಯಾ ಸಾಮ್ರಾಜ್ಯದ ಡಾರ್ಪಟ್ ವೀಕ್ಷಣಾಲಯಕ್ಕೆ (ಇವತ್ತಿನ ಎಸ್ಟೋನಿಯಾದ ಟಾರ್ಟು) ಸ್ಟ್ರೂವ ಎಂಬ ಖಗೋಳಜ್ಞ ಒಂದು ದೊಡ್ಡ ಟೆಲಿಸ್ಕೋಪ್ ಕೇಳಿದ್ದ. ಫ್ರೌನ್‌ಹೋಫರ್ ಮಾಡಿದ್ದು ಸುಮಾರು 24 ಸೆಂಟಿಮೀಟರ್ ಅಗಲದ ಲೆನ್ಸ್, ನಾಲ್ಕು ಮೀಟರಿಗೂ ಉದ್ದದ ಮರದ ಕೊಳವೆ. ಲೆನ್ಸ್ ಟೆಲಿಸ್ಕೋಪುಗಳಲ್ಲಿ ಆಗ ಜಗತ್ತಿಗೇ ದೊಡ್ಡದು. ಇಷ್ಟು ಉದ್ದದ ಕೊಳವೆಯನ್ನು ಕೈಯಲ್ಲಿ ತಳ್ಳುತ್ತಾ ನಕ್ಷತ್ರ ಹಿಂಬಾಲಿಸಿದರೆ, ಅಷ್ಟು ಕಷ್ಟಪಟ್ಟು ಕಾಯಿಸಿದ ಗಾಜಿಗೆ ಬೆಲೆ ಏನು? ನಕ್ಷತ್ರ ಕುಣಿಯುತ್ತಲೇ ಇರುತ್ತದೆ.

ಒಂದು ಅಕ್ಷವನ್ನು ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿ ಓರೆ ಇಟ್ಟರೆ, ಅದೊಂದನ್ನೇ ಒಂದೇ ವೇಗದಲ್ಲಿ ತಿರುಗಿಸಿದರೆ ಸಾಕು ಅನ್ನುವುದು ಮೊದಲೇ ಗೊತ್ತಿತ್ತು. ಆದರೆ ಅಂಥ ಮೌಂಟುಗಳು ಸಾಮಾನ್ಯವಾಗಿ ದೊಡ್ಡ ಚೌಕಟ್ಟಿನವು, ಎರಡೂ ತುದಿಗೆ ಆಧಾರ ಬೇಡುವಂಥವು. ಫ್ರೌನ್‌ಹೋಫರ್ ಗಿಡ್ಡ ಅಕ್ಷವೊಂದನ್ನು ಕಂಬದ ತಲೆಯ ಮೇಲೆ ಓರೆಯಾಗಿ ಕೂರಿಸಿದ. ಅದರ ತುದಿಗೆ ಅಡ್ಡಲಾಗಿ ಎರಡನೇ ಅಕ್ಷ. ಅದರ ಒಂದು ಕಡೆ ಕೊಳವೆ, ಇನ್ನೊಂದು ಕಡೆ ಸಮತೂಕದ ಭಾರ. ನಮ್ಮ ಹಳ್ಳಿಯ ಏತದ ಹಿಂಬದಿಗೆ ಕಲ್ಲು ಕಟ್ಟುತ್ತಿದ್ದರಲ್ಲ, ಅದೇ ಲೆಕ್ಕ. ತೂಕ ಸರಿಹೋದರೆ ಅಷ್ಟು ದೊಡ್ಡ ಟೆಲಿಸ್ಕೋಪನ್ನು ಬೆರಳಿನಲ್ಲಿ ತಿರುಗಿಸಬಹುದು. ಬೆರಳಿನಲ್ಲಿ ತಿರುಗುವುದನ್ನು ಗಡಿಯಾರದ ಯಂತ್ರವೂ ತಿರುಗಿಸಬಲ್ಲದು. ಕೆಳಗಿಳಿಯುವ ಭಾರದಿಂದ ನಡೆಯುವ ಗಡಿಯಾರ ಯಂತ್ರವನ್ನೇ ಅವನು ಜೋಡಿಸಿದ, ವೇಗ ಹೆಚ್ಚದಂತೆ ತಿರುಗುವ ಗುಂಡುಗಳ ಗವರ್ನರ್ ಇಟ್ಟ. ನಮ್ಮ ಮೌಂಟಿನಲ್ಲಿ ಭಾರದ ಬದಲು ಸ್ಟೆಪ್ಪರ್ ಮೋಟಾರ್, ಗವರ್ನರ್ ಬದಲು ಒಂದು ಸರ್ಕ್ಯೂಟ್ ಬೋರ್ಡ್. ಉಳಿದ ಆಕಾರ ಹಾಗೇ ಇದೆ.

ಬಿಚ್ಚಿದ್ದು ಹೀಗೆ. ಮೊದಲು ಕೊಳವೆ, ಆಮೇಲೆ ಭಾರ ಇಳಿಸಿದೆ. ಕವರ್ ತೆಗೆದು, ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳುತ್ತಾ ಮೋಟಾರಿನ ವೈರ್‌ಗಳನ್ನು ಕಳಚಿದೆ. ವೈರ್ ಎಳೆಯಬಾರದು, ಕನೆಕ್ಟರ್ ಹಿಡಿದೇ ಬಿಡಿಸಬೇಕು. ನಂತರ ಸಿಗುವುದು ಈ ಯಂತ್ರದ ಜೀವ: ವರ್ಮ್ ಮತ್ತು ವರ್ಮ್ ವೀಲ್. ಗಿಟಾರಿನ ಬಿರಡೆ ನೋಡಿದ್ದೀರಲ್ಲ? ಬಿರಡೆ ಎಷ್ಟೋ ಸುತ್ತು ತಿರುಗಿದರೆ ತಂತಿ ಸುತ್ತುವ ಗೂಟ ಒಂದು ಸುತ್ತು ತಿರುಗುತ್ತದೆ, ತಂತಿ ಎಳೆದರೂ ಹಿಂದಕ್ಕೆ ಜಾರುವುದಿಲ್ಲ. ಅದೇ ಇದು. ನಮ್ಮದರಲ್ಲಿ ಹಿತ್ತಾಳೆ ಬಣ್ಣದ ದೊಡ್ಡ ಚಕ್ರಕ್ಕೆ 144 ಹಲ್ಲು. ಸ್ಕ್ರೂ ಎಳೆಯಂಥ ವರ್ಮ್ ಒಂದು ಸುತ್ತು ಬಂದರೆ ಚಕ್ರ ಒಂದು ಹಲ್ಲು ಮುಂದೆ ಹೋಗುತ್ತದೆ. ಲೆಕ್ಕ ಹಾಕಿ: ವರ್ಮ್‌ನ ಒಂದು ಸುತ್ತಿಗೆ 9 ನಿಮಿಷ 58 ಸೆಕೆಂಡ್. ವರ್ಮ್‌ನಲ್ಲಿ ಕೂದಲೆಳೆಯಷ್ಟು ಓರೆ ಇದ್ದರೂ ಹತ್ತು ಹತ್ತು ನಿಮಿಷಕ್ಕೊಮ್ಮೆ ನಕ್ಷತ್ರ ಆಚೆಗೊಮ್ಮೆ ಈಚೆಗೊಮ್ಮೆ ತೂಗುತ್ತದೆ. ಇದಕ್ಕೆ ಪೀರಿಯಾಡಿಕ್ ಎರರ್ ಅನ್ನುತ್ತಾರೆ. ಅದನ್ನು ಪೂರ್ತಿ ಹೋಗಲಾಡಿಸಲು ಆಗುವುದಿಲ್ಲ, ಕಮ್ಮಿ ಮಾಡಬಹುದು.

ಅಕ್ಷದ ತುದಿಯ ದೊಡ್ಡ ರಿಂಗ್ ನಟ್ ಬಿಚ್ಚಲು ಎರಡು ಪಿನ್ ಇರುವ ಸ್ಪ್ಯಾನರ್ ಬೇಕಿತ್ತು. ಅಂಗಡಿಯಲ್ಲಿ ಪಟ್ಟಿ ಕಬ್ಬಿಣಕ್ಕೆ ಎರಡು ಪಿನ್ ಕೂರಿಸಿ ನಾನೇ ಮಾಡಿಕೊಂಡೆ. ಅಕ್ಷ ಹೊರಗೆ ಬಂದಾಗ ಬೇರಿಂಗ್ ತುಂಬ ಕಪ್ಪು ಅಂಟು. ಸೀಮೆಎಣ್ಣೆಯಲ್ಲಿ ನೆನೆಸಿ, ಹಳೇ ಟೂತ್‌ಬ್ರಷ್‌ನಿಂದ ತಿಕ್ಕಿ, ನೂಲು ಬಿಡದ ಹಳೇ ಪಂಚೆ ಬಟ್ಟೆಯಿಂದ ಒರೆಸಿದೆ. ಹೊಸ ಬಿಳಿ ಲಿಥಿಯಂ ಗ್ರೀಸ್ ತೆಳ್ಳಗೆ ಸವರಿದೆ. ಜಾಸ್ತಿ ಹಚ್ಚಿದರೆ ಒಳ್ಳೆಯದು ಅಂತ ನಮ್ಮಲ್ಲೊಂದು ನಂಬಿಕೆ ಇದೆ, ಅದು ಎತ್ತಿನಗಾಡಿಯ ಕೀಲೆಣ್ಣೆಗೆ ಸರಿ, ಇದಕ್ಕಲ್ಲ.

ಜೋಡಿಸುವಾಗಲೇ ನಿಜವಾದ ಪರೀಕ್ಷೆ. ರಿಂಗ್ ನಟ್ ಬಿಗಿ ಜಾಸ್ತಿಯಾದರೆ ಅಕ್ಷ ತಿರುಗಲು ಒದ್ದಾಡುತ್ತದೆ, ಕಮ್ಮಿಯಾದರೆ ಅಲ್ಲಾಡುತ್ತದೆ. ವರ್ಮ್ ಮತ್ತು ಚಕ್ರದ ನಡುವೆ ಅಂತರವನ್ನು ಪುಟ್ಟ ಗ್ರಬ್ ಸ್ಕ್ರೂಗಳಿಂದ ಹೊಂದಿಸಬೇಕು. ತೀರಾ ಹತ್ತಿರ ತಂದರೆ ಮೋಟಾರ್ ಕಚ್ಚಿಕೊಂಡು ನಿಲ್ಲುತ್ತದೆ. ದೂರ ಬಿಟ್ಟರೆ ನಾವು ಅಂಗಡಿಯಲ್ಲಿ ಪ್ಲೇ ಅನ್ನುತ್ತೇವಲ್ಲ, ಅದು. ಆರೇಳು ಸೆಕೆಂಡ್ ನಕ್ಷತ್ರ ಅಲ್ಲಾಡದೆ ನಿಲ್ಲುತ್ತಿದ್ದುದು ಇದರಿಂದಲೇ. ಅಲೆನ್ ಕೀಯನ್ನು ಒಂದು ಸುತ್ತಿನ ಎಂಟನೇ ಒಂದು ಭಾಗ ತಿರುಗಿಸುವುದು, ಚಕ್ರವನ್ನು ಪೂರ್ತಿ ಒಂದು ಸುತ್ತು ಹಾಯಿಸಿ ನೋಡುವುದು. ಯಾವ ಚಕ್ರವೂ ನೂರಕ್ಕೆ ನೂರು ಗುಂಡಗಿರುವುದಿಲ್ಲ, ಎಲ್ಲೋ ಒಂದು ಕಡೆ ಬಿಗಿ ಇರುತ್ತದೆ. ಆ ಬಿಗಿ ಜಾಗ ಹುಡುಕಿ, ಅಲ್ಲಿ ಸಲೀಸಾಗಿ ತಿರುಗುವಷ್ಟೇ ಅಂತರ ಕೊಡಬೇಕು. ಎರಡನೇ ಭಾನುವಾರ ಇಡೀ ಇದಕ್ಕೇ ಹೋಯಿತು. ಕಣ್ಣಿಗಿಂತ ಕಿವಿ ಹೆಚ್ಚು ಕೆಲಸಕ್ಕೆ ಬರುತ್ತದೆ. ಮೋಟಾರಿನ ಸದ್ದು ಒಂದೇ ಸಮ ಇದ್ದರೆ ಸರಿಹೋಯಿತು ಅಂತ. ಈಗ ಬಟನ್ ಒತ್ತಿದ ಒಂದು ಸೆಕೆಂಡಿನೊಳಗೆ ನಕ್ಷತ್ರ ಮಾತು ಕೇಳುತ್ತದೆ.

ಇನ್ನೊಂದು ತಾಪತ್ರಯ ನಮ್ಮ ಊರಿನದೇ. ಓರೆ ಅಕ್ಷವನ್ನು ನಾವಿರುವ ಅಕ್ಷಾಂಶದಷ್ಟು ಎತ್ತರಿಸಬೇಕು. ಡಾರ್ಪಟ್‌ನಲ್ಲಿ ಅದು 58 ಡಿಗ್ರಿ, ಅಕ್ಷ ಕಡಿದಾಗಿ ನಿಂತಿರುತ್ತದೆ. ಶಿವಮೊಗ್ಗಕ್ಕೆ ಬರೀ 14. ಅಕ್ಷ ಮಲಗಿದ ಹಾಗೆಯೇ ಇರುತ್ತದೆ, ಸಮತೂಕದ ಭಾರ ಹೋಗಿ ಟ್ರೈಪಾಡಿನ ಕಾಲಿಗೆ ಬಡಿಯುತ್ತದೆ. ಮೌಂಟಿನ ಕೆಳಗೆ ಒಂದು ಗೇಣು ಉದ್ದದ ಪೈಪಿನ ತುಂಡು ಕೊಟ್ಟು ಎತ್ತರಿಸಿದ ಮೇಲೆ ಸರಿಯಾಯಿತು. ಧ್ರುವ ನಕ್ಷತ್ರವೋ, ಪಕ್ಕದ ಮನೆಯ ತೆಂಗಿನ ಮರದ ಗರಿಯೊಳಗಿಂದ ಇಣುಕುತ್ತದೆ.

ಡಾರ್ಪಟ್ ಟೆಲಿಸ್ಕೋಪ್ 1824ರ ನವೆಂಬರ್‌ನಲ್ಲಿ 22 ಪೆಟ್ಟಿಗೆಗಳಲ್ಲಿ ಹೋಗಿ ತಲುಪಿತು. ಅದೇ ವರ್ಷ ದೊರೆ ಅವನಿಗೆ ನೈಟ್ ಪದವಿ ಕೊಟ್ಟ, ಗಾಜಿನವನ ಮಗ ಫಾನ್ ಫ್ರೌನ್‌ಹೋಫರ್ ಆದ. ಕೇಳಲು ಚೆನ್ನಾಗಿದೆ. ಆದರೆ ಅದಕ್ಕೆ ಮುಂಚೆ ನಡೆದಿದ್ದನ್ನು ಹೇಳದೆ ಬಿಡಲಾರೆ.

ಬವೇರಿಯಾದ ವಿಜ್ಞಾನ ಅಕಾಡೆಮಿ 1817ರಲ್ಲಿ ಅವನನ್ನು ದೂರದಿಂದ ಪತ್ರ ಬರೆಯುವ ಸದಸ್ಯ ಅಂತಷ್ಟೇ ಸೇರಿಸಿಕೊಂಡಿತ್ತು. ಮುಂದೆ ಅವನನ್ನು ಪೂರ್ಣ ಸದಸ್ಯನನ್ನಾಗಿ ಮಾಡುವ ಮಾತು ಬಂದಾಗ ಕೆಲವರು ಒಪ್ಪಲಿಲ್ಲ. ಇವನು ಯೂನಿವರ್ಸಿಟಿ ಓದಿದವನಲ್ಲ, ಉಪಕರಣ ಮಾಡುವ ಕೆಲಸಗಾರ. ಕೆಲಸಗಾರ ವಿದ್ವಾಂಸ ಹೇಗಾದಾನು ಅನ್ನುವುದು ಅವರ ತಕರಾರು. ಸೂರ್ಯನ ಬೆಳಕಿನ ನಕ್ಷೆ ಬರೆದವನ ಬಗ್ಗೆ ಈ ಮಾತು! ಕೊನೆಗೆ 1821ರಲ್ಲಿ ಅತ್ತಲೂ ಅಲ್ಲದ ಇತ್ತಲೂ ಅಲ್ಲದ ಒಂದು ಅಸಾಧಾರಣ ಸದಸ್ಯತ್ವ ಕೊಟ್ಟು ರಾಜಿಯಾದರು. ಮರುವರ್ಷ ಎರ್ಲಾಂಗೆನ್ ಯೂನಿವರ್ಸಿಟಿ ಗೌರವ ಡಾಕ್ಟರೇಟ್ ಕೊಟ್ಟಿತು.

ಇದನ್ನು ಓದುವಾಗ ನನಗೆ ಒಂದು ಸಂಗತಿ ನೆನಪಾಯಿತು. ಎರಡು ವರ್ಷದ ಹಿಂದೆ ಒಂದು ವಿಜ್ಞಾನ ಕಾರ್ಯಕ್ರಮದಲ್ಲಿ ಪ್ರಶ್ನೆ ಕೇಳಲು ಎದ್ದು ನಿಂತಿದ್ದೆ. ಯಾವ ಕಾಲೇಜು, ಯಾವ ಕೋರ್ಸು ಅಂತ ವೇದಿಕೆಯಿಂದ ಕೇಳಿದರು. ಡಿಪ್ಲೊಮಾ ಆಗಿದೆ, ಲೇತ್ ಕೆಲಸ ಮಾಡುತ್ತೇನೆ ಅಂದೆ. ಸಂತೋಷ ಅಂತ ನಕ್ಕು, ಮೈಕನ್ನು ಹಿಂದಿನ ಸಾಲಿನ ಹುಡುಗಿಗೆ ಕೊಡಿಸಿದರು. ಆವತ್ತು ನಾನು ಕೇಳಬೇಕೆಂದಿದ್ದು ವರ್ಮ್ ಗೇರಿನ ಬಗ್ಗೆಯೇ.

ಆ ವಿದ್ವಾಂಸರು ತಕರಾರು ಮಾಡುತ್ತಿದ್ದ ಹೊತ್ತಿನಲ್ಲಿ ಫ್ರೌನ್‌ಹೋಫರ್ ಏನು ಮಾಡುತ್ತಿದ್ದ ಗೊತ್ತಾ? ಒಂದೇ ಅಳತೆಯ ಸಣ್ಣ ಎಳೆ ಇರುವ ಎರಡು ಸ್ಕ್ರೂಗಳನ್ನು ಎದುರುಬದುರು ಇಟ್ಟು, ಎಳೆಯ ಸಂದಿಯೊಳಗೆ ಕೂರುವಂತೆ ತೆಳುವಾದ ತಂತಿ ಸುತ್ತುತ್ತಿದ್ದ. 260 ತಂತಿ, ಎಲ್ಲವೂ ಸಮಾನಾಂತರ, ಎಲ್ಲದರ ನಡುವೆ ಒಂದೇ ಅಂತರ. ಇದರೊಳಗಿಂದ ಬೆಳಕು ಹಾಯಿಸಿ ಅದರ ತರಂಗಾಂತರ ಅಳೆದ. ಆಮೇಲೆ ಗಾಜಿನ ಮೇಲೆ ವಜ್ರದ ಮೊನೆಯಿಂದ ಇನ್ನೂ ಒತ್ತಾದ ಗೀಟು ಹಾಕಿ ಅಳೆದ. ಡಿ ಗೆರೆಗೆ ಅವನಿಗೆ ಸಿಕ್ಕ ಸಂಖ್ಯೆ ಇವತ್ತಿನ ಸಂಖ್ಯೆಗೆ ತೀರಾ ಹತ್ತಿರ. ಬೆಳಕಿನ ಅಲೆಯ ಉದ್ದ ಅಳೆದಿದ್ದು ಎರಡು ಸ್ಕ್ರೂ ಮತ್ತು ಒಂದು ಸುರುಳಿ ತಂತಿ! ಆ ಸ್ಕ್ರೂಗಳ ಎಳೆ ಎಷ್ಟು ಕರಾರುವಾಕ್ಕಾಗಿದ್ದಿರಬೇಕು ಅನ್ನುವುದು, ಲೇತ್ ಮೇಲೆ ಒಮ್ಮೆಯಾದರೂ ಎಳೆ ಕಡಿದವರಿಗೆ ಗೊತ್ತು.

ಅವನನ್ನು ಬರೀ ಹೊಗಳುತ್ತಾ ಹೋಗಲಾರೆ. ಗಾಜು ಮಾಡುವ ಗುಟ್ಟನ್ನು ಅವನು, ಅವನ ಕಂಪನಿ ಯಾರಿಗೂ ಬಿಟ್ಟುಕೊಡಲಿಲ್ಲ. 1824ರಲ್ಲಿ ಇಂಗ್ಲೆಂಡಿನ ಜಾನ್ ಹರ್ಷೆಲ್ ಅಷ್ಟು ದೂರದಿಂದ ಬಂದಾಗಲೂ ಉಪಕರಣಗಳನ್ನು ಪ್ರೀತಿಯಿಂದ ತೋರಿಸಿದ, ಗೆರೆಗಳನ್ನು ತೋರಿಸಿದ, ಕುಲುಮೆಯ ಗುಟ್ಟು ಹೇಳಲಿಲ್ಲ. ಕಂಡುಹಿಡಿದ ಗೆರೆಗಳನ್ನು ಜಗತ್ತಿಗೇ ಪ್ರಕಟಿಸಿದವನು ಗಾಜನ್ನು ಮಾತ್ರ ಮುಚ್ಚಿಟ್ಟ. ಹೊಟ್ಟೆಪಾಡಿನ ವಿದ್ಯೆ ಯಾವುದು, ಹಂಚುವ ವಿದ್ಯೆ ಯಾವುದು ಅಂತ ಅವನಿಗೆ ಸ್ಪಷ್ಟವಿತ್ತು. ಅದು ತಪ್ಪು ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ, ನಮ್ಮ ಅಂಗಡಿಯಲ್ಲೂ ಇಂಥ ಗುಟ್ಟುಗಳಿವೆ.

ಮೊದಲಿನಿಂದಲೂ ಅವನದು ಗಟ್ಟಿ ದೇಹವಲ್ಲ. ವರ್ಷಗಟ್ಟಲೆ ಕುಲುಮೆಯ ಕಾವು, ಹೊಗೆ, ಗಾಜಿನ ಪುಡಿಯ ನಡುವೆ ಬದುಕಿದವನು. 1825ರಲ್ಲಿ ಹಾಸಿಗೆ ಹಿಡಿದ. 1826ರ ಜೂನ್ 7ರಂದು ಮ್ಯೂನಿಕ್‌ನಲ್ಲಿ ಕ್ಷಯದಿಂದ ತೀರಿಕೊಂಡ. ಬರೀ 39 ವರ್ಷ. ಮದುವೆ ಆಗಿರಲಿಲ್ಲ.

ಅವನು ಸಾಯುವ ಹೊತ್ತಿಗೆ ಡಾರ್ಪಟ್‌ನಲ್ಲಿ ಸ್ಟ್ರೂವ ಆಕಾಶವನ್ನು ಗುಡಿಸುತ್ತಾ ಕೂತಿದ್ದ. ಎರಡೇ ವರ್ಷದ ಆಸುಪಾಸಿನಲ್ಲಿ ಸುಮಾರು 1,20,000 ನಕ್ಷತ್ರಗಳನ್ನು ನೋಡಿ, 3,112 ಜೋಡಿ ನಕ್ಷತ್ರಗಳ ಪಟ್ಟಿ ಮಾಡಿದ. ಬೆರಳಿನಲ್ಲಿ ತಿರುಗುವ ಮೌಂಟ್ ಇಲ್ಲದಿದ್ದರೆ ಒಬ್ಬ ಮನುಷ್ಯನ ಕೈಯಲ್ಲಿ ಇದು ಆಗುವ ಕೆಲಸವಲ್ಲ. ಫ್ರೌನ್‌ಹೋಫರ್ ಶುರುಮಾಡಿ ಅವನ ಕಾರ್ಖಾನೆ ಮುಗಿಸಿಕೊಟ್ಟ ಇನ್ನೊಂದು ಉಪಕರಣದಿಂದ 1838ರಲ್ಲಿ ಬೆಸೆಲ್ 61 ಸಿಗ್ನಿ ಎಂಬ ನಕ್ಷತ್ರದ ದೂರ ಅಳೆದ. ಅದೇ ಕಾರ್ಖಾನೆಯಿಂದ ಬರ್ಲಿನ್‌ಗೆ ಹೋಗಿದ್ದ, ಡಾರ್ಪಟ್‌ನದಕ್ಕೆ ತಂಗಿಯಂತಿದ್ದ ಟೆಲಿಸ್ಕೋಪಿನಲ್ಲಿ 1846ರ ಸೆಪ್ಟೆಂಬರ್ 23ರ ರಾತ್ರಿ ಗಾಲೆ ನೆಪ್ಚೂನ್ ಗ್ರಹ ಕಂಡ.

ಅವನ ಗೆರೆಗಳು ನಮ್ಮ ನಾಡಿಗೂ ಬಂದವು. 1868ರ ಆಗಸ್ಟ್ 18ರಂದು ಪೂರ್ಣ ಸೂರ್ಯಗ್ರಹಣ. ನೆರಳು ಹಾದುಹೋಗುವ ದಾರಿಯಲ್ಲಿ ಇವತ್ತಿನ ಬಾಗಲಕೋಟೆ ಜಿಲ್ಲೆಯ ಜಮಖಂಡಿ ಇತ್ತು, ಆಗ ಅದೊಂದು ಪುಟ್ಟ ಸಂಸ್ಥಾನ. ಅಲ್ಲಿ ಟೆಲಿಸ್ಕೋಪ್‌ಗೆ ಬೆಳಕು ಬಿಡಿಸುವ ಸ್ಪೆಕ್ಟ್ರೋಸ್ಕೋಪ್ ಜೋಡಿಸಿಕೊಂಡು ಕಾದವನು ಲೆಫ್ಟಿನೆಂಟ್ ಜಾನ್ ಹರ್ಷೆಲ್, 1824ರಲ್ಲಿ ಫ್ರೌನ್‌ಹೋಫರ್‌ನನ್ನು ನೋಡಲು ಹೋಗಿದ್ದ ಹರ್ಷೆಲ್‌ನ ಮಗ. ಆಗಸ್ಟ್ ತಿಂಗಳು, ಮೋಡ ಇರದೆ ಇರುತ್ತದೆಯೇ? ಮೋಡದ ಸಂದಿಯಲ್ಲಿ ಸಿಕ್ಕ ಕೆಲವು ಗಳಿಗೆಯಲ್ಲಿ ಸೂರ್ಯನ ಅಂಚಿನಿಂದ ಚಿಮ್ಮಿದ ಜ್ವಾಲೆಯ ಮೇಲೆ ಸೀಳನ್ನು ನಿಲ್ಲಿಸಿದ. ಹೊಳೆಯುವ ಗೆರೆಗಳು ಕಂಡವು. ಒಂದು ಕಿತ್ತಳೆ ಬಣ್ಣದ್ದು, ಅವನ ಅಂದಾಜಿನಲ್ಲಿ ಫ್ರೌನ್‌ಹೋಫರ್‌ನ ಡಿ ಇರುವ ಜಾಗದಲ್ಲೇ. ಅದೇ ವರ್ಷ ಲಾಕ್ಯರ್ ಲಂಡನ್ನಿನಲ್ಲಿ ಇನ್ನಷ್ಟು ನಿಖರವಾಗಿ ಅಳೆದಾಗ ಅದು ಡಿ ಅಲ್ಲ, ಅದರ ಪಕ್ಕದ್ದು ಅಂತ ಗೊತ್ತಾಯಿತು. ಭೂಮಿಯ ಮೇಲೆ ಆಗ ಯಾರೂ ಕಂಡಿರದ ಆ ಧಾತುವಿಗೆ ಹೀಲಿಯಂ ಅಂತ ಹೆಸರಾಯಿತು.